ಚಿಕ್ಕ ಕೆರೆ, ಹೊಂಡಗಳಲ್ಲಿ ದೊಡ್ಡ ಬಾಸ್ ಎಲ್ಲಿ ಸಿಗುತ್ತದೆ?

ದಂಡೆಯವ:
ಎಲ್ಲರಿಗೂ ನಮಸ್ಕಾರ. ನಾನು ದಂಡೆಯ ಮೇಲೆ ನಿಂತು ಗಾಳ ಹಾಕುವವನು. ದೋಣಿ ಇಲ್ಲ, ಮೀನು ತೋರಿಸುವ ಯಂತ್ರವೂ ಇಲ್ಲ. ಹೋಗುವುದು ಎರಡು ಎಕರೆಯ ಒಂದು ಹೊಂಡಕ್ಕೆ. ಮಾಲೀಕರ ಒಪ್ಪಿಗೆ ಇದೆ. ಲಾರ್ಜ್‌ಮೌತ್ ಬಾಸ್ (ಬೇರೆ ಮೀನು ತಿನ್ನುವ, ದೊಡ್ಡ ಬಾಯಿಯ ಸಿಹಿನೀರಿನ ಮೀನು) ಬೇಕಾದಷ್ಟು ಕಚ್ಚುತ್ತವೆ. ಆದರೆ ಎಲ್ಲವೂ ಒಂದೇ ಅಳತೆ, 28ರಿಂದ 30 ಸೆಂಟಿಮೀಟರ್. ತೂಕ ಹಾಕಿದರೆ 280 ಗ್ರಾಂ ಆಸುಪಾಸು. ಪ್ಲಾಸ್ಟಿಕ್ ಹುಳ, ಸ್ಪಿನ್ನರ್‌ಬೇಟ್, ಸಣ್ಣ ಕ್ರ್ಯಾಂಕ್‌ಬೇಟ್, ಹೀಗೆ ಹಲವು ಲೂರ್ (ನಕಲಿ ಎರೆ) ಹಾಕಿ ಆಯಿತು. ದೊಡ್ಡ ಮೀನು ಎಲ್ಲಿ ಕೂತಿರುತ್ತದೆ? ಯಾವ ಲೂರ್ ಹಾಕಬೇಕು? ದಯವಿಟ್ಟು ತಿಳಿಸಿ.

ಜಿಗ್‌ಪ್ರಿಯ:
ಲೂರ್ ದೊಡ್ಡದು ಮಾಡಿ ಅಣ್ಣ. 10 ಸೆಂಟಿಮೀಟರ್ ಹುಳ ಹಾಕಿದರೆ ಮರಿಗಳೇ ಮೊದಲು ಓಡಿ ಬರುತ್ತವೆ. 15 ಗ್ರಾಂ ಜಿಗ್ (ತಲೆಯಲ್ಲಿ ಭಾರ ಇರುವ ಕೊಕ್ಕೆ), ಹಿಂದೆ ಅಗಲವಾದ ಟ್ರೈಲರ್ (ಮೆತ್ತನೆಯ ಬಾಲ). ಇಲ್ಲ ಅಂದರೆ 15–20 ಸೆಂಟಿಮೀಟರ್ ಸ್ವಿಮ್‌ಬೇಟ್ (ಮೀನಿನ ಆಕಾರದ ಲೂರ್). ಕಚ್ಚುವುದು ಕಡಿಮೆ ಆಗುತ್ತದೆ. ಕಚ್ಚಿದ್ದು ದೊಡ್ಡದಾಗಿರುತ್ತದೆ.

ತೂಬಿನ ಮೂಲೆ:
ಜಿಗ್‌ಪ್ರಿಯ ಹೇಳಿದ್ದು ಸರಿ. ಆದರೂ ಲೂರ್ ಮಾತು ಆಮೇಲೆ ಆಡೋಣ. ದಂಡೆಯವರೇ, ಮೊದಲು ಎರಡು ವಿಷಯ ಹೇಳಿ. ಹಿಡಿದ ಬಾಸ್‌ಗಳ ಮೈಕಟ್ಟು ಹೇಗಿದೆ? ಆ ಹೊಂಡದಲ್ಲಿ ಬ್ಲೂಗಿಲ್ (ಬಾಸ್ ತಿನ್ನುವ ಚಪ್ಪಟೆ ಮೀನು) ಇದ್ದರೆ ಅವು ಎಷ್ಟು ದೊಡ್ಡವು?

ದಂಡೆಯವ:
ತಲೆ ದೊಡ್ಡದು, ಹೊಟ್ಟೆ ಒಳಕ್ಕೆ ಹೋಗಿದೆ. ಸಣಕಲು ಅನ್ನಬಹುದು. ಬ್ಲೂಗಿಲ್ ಇವೆ. ಸಿಗುವುದು ಕಡಿಮೆ, ಆದರೆ ಸಿಕ್ಕಿದ್ದೆಲ್ಲ ಅಂಗೈಗಿಂತ ದೊಡ್ಡವು. ಸಣ್ಣ ಬ್ಲೂಗಿಲ್ ಕಾಣಿಸುವುದೇ ಇಲ್ಲ.

ತೂಬಿನ ಮೂಲೆ:
ಹಾಗಾದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ನೀವು ಹೊಂಡ ಬದಲಿಸಬೇಕು.

ಯಾಕೆ ಅಂತ ಹೇಳುತ್ತೇನೆ. ಚೆನ್ನಾಗಿ ತಿಂದು ಬೆಳೆದ ಲಾರ್ಜ್‌ಮೌತ್ 30 ಸೆಂಟಿಮೀಟರ್ ಇದ್ದಾಗ 380 ಗ್ರಾಂ ಹತ್ತಿರ ತೂಗಬೇಕು. 40 ಸೆಂಟಿಮೀಟರ್‌ಗೆ ಸುಮಾರು 970 ಗ್ರಾಂ. 50ಕ್ಕೆ 2 ಕೆಜಿ. ನಿಮ್ಮವು 280ರಲ್ಲಿ ನಿಂತಿವೆ. ಅಂದರೆ ಇರಬೇಕಾದ ತೂಕದ ಮುಕ್ಕಾಲು ಭಾಗ ಅಷ್ಟೇ. ಅವು ಮರಿಗಳು ಅಂದುಕೊಳ್ಳಬೇಡಿ. ಹಲವು ಮೀನುಗಳಿಗೆ ನಾಲ್ಕೈದು ವರ್ಷ ಆಗಿರಬಹುದು. ಹೊಟ್ಟೆಗೆ ಸಾಲದೆ ಅಲ್ಲೇ ನಿಂತುಬಿಟ್ಟಿವೆ. ಹೊಂಡದಲ್ಲಿ ಬಾಸ್ ಜಾಸ್ತಿ, ಅವುಗಳ ಬಾಯಿಗೆ ಹಿಡಿಸುವ ಮೀನು ಕಡಿಮೆ. ಸಣ್ಣ ಬ್ಲೂಗಿಲ್ ಹುಟ್ಟಿದ ಹಾಗೇ ಖಾಲಿ. ಉಳಿದ ಕೆಲವು ಬ್ಲೂಗಿಲ್‌ಗೆ ಪೈಪೋಟಿ ಇಲ್ಲ, ಅವು ಕೊಬ್ಬುತ್ತವೆ. ಅವನ್ನು ನುಂಗಲು 30 ಸೆಂಟಿಮೀಟರ್ ಬಾಸ್‌ಗೆ ಆಗುವುದಿಲ್ಲ.

ಹಸಿದ ಮೀನು ಏನು ಹಾಕಿದರೂ ಕಚ್ಚುತ್ತದೆ. ಅದಕ್ಕೇ ನಿಮಗೆ ಅಷ್ಟು ಕಚ್ಚುತ್ತಿವೆ. ತುಂಬಾ ಕಚ್ಚುತ್ತಿದೆ ಅಂದರೆ ಒಳ್ಳೆಯ ಹೊಂಡ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದೊಡ್ಡ ಬಾಸ್ ಬೇಕಾದವರಿಗೆ ಅದು ಅಲ್ಲಿಂದ ಎದ್ದು ಹೋಗಬೇಕು ಅನ್ನುವ ಸೂಚನೆ.

ಹುಡುಕಬೇಕಾದದ್ದು ಇದಕ್ಕೆ ತಿರುಗಾಮುರುಗಾ ಇರುವ ಹೊಂಡ. ದಂಡೆಯ ಹತ್ತಿರ ಬೆರಳುದ್ದದ ಬ್ಲೂಗಿಲ್ ರಾಶಿ ರಾಶಿ. ಬಾಸ್ ಕಚ್ಚುವುದು ಅಪರೂಪ. ಕೇಳಿದರೆ "ಅಲ್ಲಿ ಬಾಸೇ ಇಲ್ಲ, ಬರೀ ಸಣ್ಣ ಮೀನು" ಅನ್ನುತ್ತಾರೆ. ಅಲ್ಲಿ ಬಾಸ್ ಸಂಖ್ಯೆ ಕಡಿಮೆ. ಇರುವ ಒಂದೊಂದಕ್ಕೂ ಸುತ್ತಲೂ ಊಟ. ದೊಡ್ಡದು ಅಂಥ ನೀರಿನಲ್ಲಿ ಬೆಳೆಯುತ್ತದೆ.

ಹೊಂಡದಕ್ಕ:
ತೂಬಿನ ಮೂಲೆ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾನು ಮೀನು ಹೊಂಡಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಬಾಸ್ ಮತ್ತು ಬ್ಲೂಗಿಲ್ ಒಂದನ್ನೊಂದು ಹೇಗೆ ಹಿಡಿದಿಡುತ್ತವೆ ಅನ್ನುವುದನ್ನು ಅಲಬಾಮಾದ ಆಬರ್ನ್‌ನಲ್ಲಿ ಎಚ್. ಎಸ್. ಸ್ವಿಂಗಲ್ 1930ರ ದಶಕದಿಂದಲೇ ಅಭ್ಯಾಸ ಮಾಡಿದರು. ಹೊಂಡಗಳನ್ನು ಪೂರ್ತಿ ಖಾಲಿ ಮಾಡಿ, ಮೀನನ್ನೆಲ್ಲ ತೂಗಿ, ತಿನ್ನುವ ಮೀನಿಗೂ ತಿನ್ನಿಸಿಕೊಳ್ಳುವ ಮೀನಿಗೂ ಇರುವ ಪಾಲು ನೋಡಿದರು. ಗೊಬ್ಬರ ಹಾಕಿದ ಹೊಂಡಕ್ಕೆ ಎಕರೆಗೆ 1,000 ಬ್ಲೂಗಿಲ್, 100 ಬಾಸ್ ಬಿಡುವ ಲೆಕ್ಕ ಆ ಕೆಲಸದಿಂದ ಬಂದದ್ದೇ.

ಇನ್ನೊಂದು ರೂಢಿಯ ಲೆಕ್ಕ ಇದೆ. ಬಾಸ್ ಒಂದು ಕೆಜಿ ಬೆಳೆಯಲು ಸುಮಾರು ಹತ್ತು ಕೆಜಿ ಮೀನು ತಿನ್ನಬೇಕು. ಎರಡು ಎಕರೆ ಹೊಂಡದಲ್ಲಿ ನೂರಾರು ಹಸಿದ ಬಾಸ್ ಇದ್ದರೆ ಅಷ್ಟು ಊಟ ಎಲ್ಲಿಂದ ಬರಬೇಕು ಹೇಳಿ.

ದಂಡೆಯವರೇ, ಮಾಲೀಕರ ಜೊತೆ ಮಾತಾಡಿ. ಅವರಿಗೆ ದೊಡ್ಡ ಬಾಸ್ ಬೇಕಿದ್ದರೆ ಈ ಸಣ್ಣವನ್ನು ತೆಗೆಯಲೇಬೇಕು. ಪೌಷ್ಟಿಕ ನೀರಾದರೆ ಎಕರೆಗೆ ವರ್ಷಕ್ಕೆ 10ರಿಂದ 15 ಕೆಜಿ ಸಣ್ಣ ಬಾಸ್ ತೆಗೆಯಲು ಹೇಳುತ್ತೇವೆ. ಬಡ ನೀರಾದರೆ ಅದಕ್ಕಿಂತ ಕಡಿಮೆ. ಹಿಡಿದದ್ದನ್ನೆಲ್ಲ ವಾಪಸ್ ಬಿಡುವುದು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ. ಆದರೆ ಇಂಥ ಹೊಂಡದಲ್ಲಿ ಅದೇ ಮೀನಿಗೆ ಹೊರೆ. ಮಾಲೀಕರ ಮಾತು ಮತ್ತು ಅಲ್ಲಿನ ಮೀನುಗಾರಿಕೆ ನಿಯಮ ನೋಡಿಕೊಂಡೇ ಮಾಡಿ.

ರಾತ್ರಿಗಾಳ:
ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸಣಕಲು ಬಾಸ್ ತುಂಬಿದ ಹೊಂಡದಲ್ಲೇ ನಾನು ಎರಡೂವರೆ ಕೆಜಿ ಮೀನು ಹಿಡಿದಿದ್ದೇನೆ. ಅದೂ ಕತ್ತಲಾದ ಮೇಲೆ. ಕಪ್ಪು ಬಣ್ಣದ ದೊಡ್ಡ ಲೂರ್, ನಿಧಾನ ಎಳೆತ. ಎಲ್ಲಾ ಹೊಂಡದಲ್ಲೂ ಒಂದೆರಡು ದೊಡ್ಡವು ಇದ್ದೇ ಇರುತ್ತವೆ.

ತೂಬಿನ ಮೂಲೆ:
ನಿಮ್ಮ ಮೀನು ನಿಜ, ರಾತ್ರಿಗಾಳ. ಅದಕ್ಕೆ ಕಾರಣವೂ ಇದೆ. ಅಂಥ ಹೊಂಡದಲ್ಲಿ ಯಾವುದೋ ಒಂದು ಹೆಣ್ಣು ಹೇಗೋ 40 ಸೆಂಟಿಮೀಟರ್ ದಾಟಿತು ಅಂತಿಟ್ಟುಕೊಳ್ಳಿ. ಆಮೇಲೆ ಅದಕ್ಕೆ ಊಟದ ಬರ ಇಲ್ಲ. ಅಂಗೈ ಗಾತ್ರದ ಬ್ಲೂಗಿಲ್ ಬಾಯಿಗೆ ಹಿಡಿಸುತ್ತದೆ. ಸಣ್ಣ ಬಾಸ್‌ಗಳನ್ನೂ ತಿನ್ನುತ್ತದೆ. ಆದರೆ ಅಷ್ಟು ಮೀನಿನಲ್ಲಿ ದಾಟುವುದು ಯಾವುದೋ ಒಂದೆರಡು. ಅದರ ಮುಂದೆ ಲೂರ್ ಹೋಗುವ ಮೊದಲೇ ನೂರು ಸಣ್ಣ ಬಾಯಿ ಅಡ್ಡ ಬರುತ್ತವೆ. ನಮಗೆ ಸಿಗುವ ಸಮಯ ಕಡಿಮೆ ಅಲ್ವಾ. ದೊಡ್ಡವು ಜಾಸ್ತಿ ಇರುವ ಕಡೆ ಆ ಸಮಯ ಕಳೆಯಿರಿ ಅನ್ನುವುದು ನನ್ನ ಮಾತು.

ಅಲ್ಲೇ ಹಿಡಿಯಬೇಕು ಅನ್ನುವವರಿಗೆ ನಿಮ್ಮ ದಾರಿಯೇ ಸರಿ. ದೊಡ್ಡ ಲೂರ್, ಕತ್ತಲು, ತಾಳ್ಮೆ.

ಹೊಸಗಾಳ:
ನಾನು ಈಗಷ್ಟೇ ಶುರು ಮಾಡಿದವನು. ಹೆಣ್ಣು ಅಂತ ಯಾಕೆ ಹೇಳಿದಿರಿ ಸರ್? ಮತ್ತೆ ಒಳ್ಳೆಯ ಹೊಂಡ ಅಂತ ಹೋಗಿ ನೋಡದೆ ಹೇಗೆ ಗೊತ್ತಾಗುತ್ತದೆ?

ಹೊಂಡದಕ್ಕ:
ಗಂಡು ಬಾಸ್ 2 ಕೆಜಿ ದಾಟುವುದು ಅಪರೂಪ ತಮ್ಮಾ. ನಾವೆಲ್ಲ ಕನಸು ಕಾಣುವ ದೊಡ್ಡ ಬಾಸ್ ಬಹುಮಟ್ಟಿಗೆ ಹೆಣ್ಣೇ. ನೀರು 15–16 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದ ಹಾಗೆ ಗಂಡು ದಂಡೆಯ ಹತ್ತಿರ ಗಟ್ಟಿ ನೆಲ ನೋಡಿ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಕಾಯುವುದು ಗಂಡು. ಹೆಣ್ಣು ವರ್ಷದಲ್ಲೇ ಹೆಚ್ಚು ತೂಗುವುದು ಮೊಟ್ಟೆ ಇಡುವ ಮುಂಚಿನ ಕೆಲವು ವಾರಗಳಲ್ಲಿ. ದಂಡೆಯಿಂದ ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ, ಯಾಕೆಂದರೆ ಅವೇ ನಿಮ್ಮ ಹತ್ತಿರ ಬರುತ್ತವೆ.

ಗೂಡಿನ ಮೇಲೆ ಕೂತಿರುವ ಗಂಡನ್ನು ಮಾತ್ರ ಕೆಣಕಬೇಡಿ. ಅದು ಸ್ವಲ್ಪ ಹೊತ್ತು ಪಕ್ಕಕ್ಕೆ ಹೋದರೂ ಬ್ಲೂಗಿಲ್ ನುಗ್ಗಿ ಮೊಟ್ಟೆ ತಿಂದುಬಿಡುತ್ತವೆ.

ತೂಬಿನ ಮೂಲೆ:
ಹೊಸಗಾಳ, ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಉಪಗ್ರಹ ನಕ್ಷೆ ತೆಗೆದು ನೋಡಿ. ರಸ್ತೆಯಿಂದ ದೂರ ಇರುವ, ವಾಹನ ನಿಲ್ಲಿಸಲು ಸುಲಭ ಇಲ್ಲದ ನೀರು ಗುರುತು ಮಾಡಿಕೊಳ್ಳಿ. ಯಾರದ್ದು ಅಂತ ವಿಚಾರಿಸಿ, ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಏರಿ ಎತ್ತರ ಇದ್ದರೆ ಆ ಪಕ್ಕದ ನೀರು ಆಳ. ಪೂರ್ತಿ ತೆಳು ನೀರಿನ ಹೊಂಡದಲ್ಲಿ ಕಡು ಬೇಸಿಗೆ, ಕಡು ಚಳಿ ಎರಡಕ್ಕೂ ಮೀನು ಸಾಯುವ ಸಾಧ್ಯತೆ ಜಾಸ್ತಿ. ಬಾಸ್‌ಗೆ ವಯಸ್ಸಾಗಲು ಬಿಡದ ನೀರು ದೊಡ್ಡ ಬಾಸ್ ಕೊಡುವುದಿಲ್ಲ.

ಆಮೇಲೆ ಊಟ. ಬ್ಲೂಗಿಲ್ ಜೊತೆ ಗೋಲ್ಡನ್ ಶೈನರ್ ಅಥವಾ ಗಿಜರ್ಡ್ ಶ್ಯಾಡ್ ಅನ್ನುವ ಮೇವಿನ ಮೀನು ಇದ್ದರೆ ಒಳ್ಳೆಯದು. ದೊಡ್ಡ ಬಾಸ್‌ಗೆ ಒಂದೊಂದೇ ಚಿಕ್ಕ ಮೀನಿನ ಹಿಂದೆ ಓಡಿ ಪೂರೈಸುವುದಿಲ್ಲ. ಒಂದೇ ತುತ್ತಿಗೆ ಹೊಟ್ಟೆ ತುಂಬುವಂಥದ್ದು ಬೇಕು.

ಕ್ಯಾಲಿಫೋರ್ನಿಯಾದ ಎಸ್ಕಾಂಡಿಡೋದಲ್ಲಿರುವ ಡಿಕ್ಸನ್ ಕೆರೆಯನ್ನೇ ನೋಡಿ. ಸುಮಾರು 70 ಎಕರೆ, ಅಷ್ಟೇ. 2003ರಲ್ಲಿ ಜೆಡ್ ಡಿಕರ್‌ಸನ್ ಅಲ್ಲಿ 21 ಪೌಂಡ್ 11 ಔನ್ಸ್ ಬಾಸ್ ಹಿಡಿದರು. 2006ರಲ್ಲಿ ಮ್ಯಾಕ್ ವೀಕ್ಲಿ ಎತ್ತಿದ ಮೀನು 25 ಪೌಂಡ್ 1 ಔನ್ಸ್ ತೂಗಿತು. ಕೊಕ್ಕೆ ಬಾಯಿಗೆ ಸಿಗದೆ ಮೈಗೆ ಸಿಕ್ಕಿದ್ದರಿಂದ ಅವರು ಅದನ್ನು ದಾಖಲೆಗೆ ಕಳಿಸಲಿಲ್ಲ, ನೀರಿಗೆ ಬಿಟ್ಟರು. ಆ ಕೆರೆಗೆ ರೇನ್‌ಬೋ ಟ್ರೌಟ್ ತಂದು ಬಿಡುತ್ತಾರೆ. ಬಾಸ್‌ಗೆ ಕೊಬ್ಬಿನ ದೊಡ್ಡ ತುತ್ತು ಅದು. ಇನ್ನು ವಿಶ್ವದಾಖಲೆ. 1932ರ ಜೂನ್ 2ರಂದು ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ಬಾಸ್, ಅಂದರೆ 10 ಕೆಜಿ ಮೇಲೆ. ಅದು ಸಿಕ್ಕಿದ್ದು ಜಾರ್ಜಿಯಾದ ಮಾಂಟ್‌ಗೊಮೆರಿ ಕೆರೆಯಲ್ಲಿ. ಓಕ್‌ಮಲ್ಗೀ ನದಿ ಪಾತ್ರ ಬದಲಿಸಿದಾಗ ಪಕ್ಕದಲ್ಲಿ ಉಳಿದುಕೊಂಡ ಹಿನ್ನೀರು ಅದು. 2009ರಲ್ಲಿ ಜಪಾನಿನ ಬಿವಾ ಕೆರೆಯಲ್ಲಿ ಮನಾಬು ಕುರಿಟಾ ಹಿಡಿದ ಮೀನು ಆ ದಾಖಲೆಯನ್ನು ಸರಿಗಟ್ಟಿತು. ಬಿವಾ ಭಾರೀ ದೊಡ್ಡದು, ಒಪ್ಪುತ್ತೇನೆ. ಆದರೆ ನೀರು ಚಿಕ್ಕದು ಅಂತ ಮೀನೂ ಚಿಕ್ಕದೇ ಇರಬೇಕು ಅನ್ನುವುದಕ್ಕೆ ಆಧಾರ ಇಲ್ಲ.

ಜಿಗ್‌ಪ್ರಿಯ:
ಹೊಂಡ ಆರಿಸಿಕೊಂಡ ಮೇಲೆ ಎಲ್ಲಿ ಹಾಕಬೇಕು ಅಂತಲೂ ಬರೆಯಿರಿ. ದಂಡೆಯವರ ಮೊದಲ ಪ್ರಶ್ನೆ ಅದೇ ಇತ್ತು.

ತೂಬಿನ ಮೂಲೆ:
ಬರೆಯುತ್ತೇನೆ. ಚಿಕ್ಕ ಹೊಂಡದಲ್ಲಿ ದೊಡ್ಡ ಬಾಸ್ ಇರಲು ಇಷ್ಟಪಡುವ ಜಾಗ ಬಹಳ ಕಡಿಮೆ. ಇದು ನಮಗೆ ಅನುಕೂಲ. ಸಾವಿರ ಎಕರೆ ಕೆರೆಯಲ್ಲಿ ಹುಡುಕುವಷ್ಟು ಕಷ್ಟ ಇಲ್ಲ.

ನಾನು ಮೊದಲು ನೋಡುವುದು ತೂಬು. ಅಲ್ಲಿ ಕಾಂಕ್ರೀಟ್ ಇಲ್ಲವೇ ಪೈಪು ಇರುತ್ತದೆ, ನೆರಳಿರುತ್ತದೆ, ಪಕ್ಕದಲ್ಲೇ ಹೊಂಡದ ಆಳದ ನೀರು. ಹಳೇ ಹಳ್ಳದ ಪಾತ್ರವೂ ಅಲ್ಲಿಗೇ ಬಂದು ಸೇರುತ್ತದೆ. ಎಷ್ಟೋ ಹೊಂಡಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮೀನಿನ ಜಾಗ ಇದೇ. ಆಮೇಲೆ ಏರಿಗೆ ಹಾಕಿದ ಕಲ್ಲು. ಬಿಸಿಲಿಗೆ ಕಲ್ಲು ಕಾಯುತ್ತದೆ, ಚಳಿ ಮುಗಿಯುವ ಹೊತ್ತಿಗೆ ಅಲ್ಲಿ ನೀರು ಒಂದೆರಡು ಡಿಗ್ರಿ ಹೆಚ್ಚು ಬೆಚ್ಚಗೆ. ಮಳೆ ಬಂದಾಗ ಹೊಸ ನೀರು ಒಳಬರುವ ಬಾಯಿ. ಕೋಡಿಯ ಹತ್ತಿರದ ಸೆಳೆತ. ಜೊಂಡಿನ ಸಾಲು ಒಳಕ್ಕೆ ತಿರುಗುವ ಮೂಲೆ. ನೀರಿಗೆ ಬಿದ್ದ ಒಂಟಿ ಮರ. ಇಂಥ ಒಂದೊಂದು ಜಾಗವನ್ನೂ ಅಲ್ಲಿನ ಗಟ್ಟಿ ಮೀನು ಹಿಡಿದುಕೊಂಡಿರುತ್ತದೆ. ಅದನ್ನು ತೆಗೆದರೆ ಕೆಲವು ದಿನದಲ್ಲಿ ಇನ್ನೊಂದು ಬಂದು ಕೂರುತ್ತದೆ.

ಬೇಸಿಗೆಯಲ್ಲಿ ಆಳದ ತಳಕ್ಕೆ ಲೂರ್ ಬಿಟ್ಟು ಕಾಯುವವರನ್ನು ನೋಡಿ ನನಗೆ ಬೇಜಾರಾಗುತ್ತದೆ. ಬಿಸಿ ನೀರು ಮೇಲೆ, ತಣ್ಣನೆಯದು ಕೆಳಗೆ ನಿಂತುಬಿಡುತ್ತದೆ, ಎರಡೂ ಬೆರೆಯುವುದಿಲ್ಲ. ಕೆಳಗೆ ಕೊಳೆಯುವ ಎಲೆ ಕಡ್ಡಿ ಅಲ್ಲಿನ ಆಮ್ಲಜನಕ ಮುಗಿಸುತ್ತವೆ. ಗಾಳಿ ಬೀಸದ ಚಿಕ್ಕ ಹೊಂಡದಲ್ಲಿ ಎರಡು ಮೂರು ಮೀಟರ್ ಕೆಳಗೆ ಮೀನು ಉಸಿರಾಡಲು ಆಗದ ಹಾಗೆ ಇರುತ್ತದೆ. ಐದು ಮೀಟರ್ ಆಳ ಇದ್ದರೂ ಬಾಸ್ ಮೇಲಿನ ಎರಡು ಮೀಟರ್‌ನಲ್ಲೇ. ಗಾಳಿ ಹಾಯಿಸುವ ಯಂತ್ರ ತಳದಲ್ಲಿ ಓಡುತ್ತಿದ್ದರೆ ಈ ಮಾತು ಲೆಕ್ಕಕ್ಕಿಲ್ಲ, ನೀರು ಬೆರೆಯುತ್ತಾ ಇರುತ್ತದೆ. ಕಳೆ ಕಿಕ್ಕಿರಿದ ಹೊಂಡದಲ್ಲಿ ಇನ್ನೊಂದು ವಿಷಯ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆ. ಅಂಥಲ್ಲಿ ಬೇಸಿಗೆಯ ಸಂಜೆ ನನಗೆ ಬೆಳಿಗ್ಗೆಗಿಂತ ಇಷ್ಟ.

ಇನ್ನು ನಡಿಗೆ. ದಂಡೆಯ ಮೇಲೆ ದಪದಪ ಅಂತ ಹೆಜ್ಜೆ ಹಾಕಿದರೆ ಅದರ ಅದುರು ನೀರಿಗೆ ಹೋಗುತ್ತದೆ. ಮೈಯ ಪಕ್ಕದ ಗೆರೆಯಿಂದ ಬಾಸ್ ಅದನ್ನು ಗುರುತಿಸುತ್ತದೆ. ವಯಸ್ಸಾದ ಮೀನು ಸುಮ್ನೆ ದೂರ ಸರಿದು ಬಾಯಿ ಮುಚ್ಚಿಕೊಂಡಿರುತ್ತದೆ. ನೀರಿನಿಂದ ನಾಲ್ಕೈದು ಮೀಟರ್ ಹಿಂದೆಯೇ ನಿಲ್ಲಿ. ಮೊದಲ ಎಸೆತ ನಡುನೀರಿಗೆ ಬೇಡ. ದಂಡೆಗೆ ಸಮವಾಗಿ, ಅಂಚಿನಿಂದ ಒಂದು ಮೀಟರ್ ಒಳಗೆ ಹಾಕಿ. ಎಲ್ಲರೂ ನೀರಿನ ಅಂಚಿಗೆ ಬಂದು ನಿಂತು ದೂರಕ್ಕೆ ಎಸೆಯುತ್ತಾರೆ. ಮೀನು ಅವರ ಕಾಲ ಬುಡದಲ್ಲೇ ಇದ್ದಿರುತ್ತದೆ. ನೆರಳು ನೀರಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಒಳ್ಳೆಯ ಜಾಗಕ್ಕೆ ಮೊದಲ ಎಸೆತವೇ ಮುಖ್ಯ. ಅಲ್ಲಿಗೆ ಸಣ್ಣ ಲೂರ್ ಹಾಕಿ ಒಂದು ಮರಿ ಎಳೆದು ಗದ್ದಲ ಮಾಡಬೇಡಿ.

ಹೊಂಡದಕ್ಕ:
ಬಾಸ್ ಎಲ್ಲವೂ ಒಂದೇ ಸಮ ಕಚ್ಚುವುದಿಲ್ಲ ಅನ್ನುವುದೂ ನೆನಪಿರಲಿ. ಇಲಿನಾಯ್‌ನ ರಿಡ್ಜ್ ಕೆರೆಯಲ್ಲಿ 1970ರ ದಶಕದಲ್ಲಿ ಶುರುವಾದ ಅಧ್ಯಯನದಲ್ಲಿ ಹಿಡಿದ ಒಂದೊಂದು ಬಾಸ್‌ಗೂ ಗುರುತು ಹಾಕಿ ಬಿಟ್ಟರು. ಕೆಲವು ಮತ್ತೆ ಮತ್ತೆ ಸಿಕ್ಕವು. ಒಮ್ಮೆಯೂ ಗಾಳಕ್ಕೆ ಬಾರದವೂ ಇದ್ದವು. ಆಮೇಲೆ ಎರಡೂ ಬಗೆಯವುಗಳಿಂದ ಬೇರೆ ಬೇರೆ ಮರಿ ಮಾಡಿಸಿ ನೋಡಿದರು. ಆ ಗುಣ ಮರಿಗಳಿಗೂ ಬಂತು.

ಚಿಕ್ಕ ಹೊಂಡಕ್ಕೆ ಇದು ಬಹಳ ಮುಖ್ಯ. ಬೇಗ ಕಚ್ಚುವವನ್ನೆಲ್ಲ ಜನ ತೆಗೆದುಕೊಂಡು ಹೋದರೆ ಉಳಿಯುವುದು ಕಚ್ಚದವು. ಹಾಗಾಗಿ ಜನ ಕಡಿಮೆ ಹೋಗುವ ಹೊಂಡ ಹುಡುಕಿ. ಹೋದರೂ ದಿನಾ ಅದೇ ಜಾಗ ತುಳಿಯಬೇಡಿ. ನೀರಿಗೆ ವಾರ ಎರಡು ವಾರ ಬಿಡುವು ಕೊಡಿ.

ರಾತ್ರಿಗಾಳ:
ದಾರದ ಬಗ್ಗೆ ಯಾರೂ ಹೇಳಲಿಲ್ಲ. ಜೊಂಡು, ಕಳೆ ಇರುವ ಕಡೆ 50 ಪೌಂಡ್ ಎಳೆತ ತಡೆಯುವ ಬ್ರೇಡ್‌ಗಿಂತ (ಹೆಣೆದ ದಾರ) ಕಡಿಮೆ ಬೇಡ. ತಿಳಿ ನೀರಿನಲ್ಲಿ 15 ಪೌಂಡ್ ಫ್ಲೋರೋಕಾರ್ಬನ್ ದಾರ ಸಾಕು. ದೊಡ್ಡ ಹೆಣ್ಣು ಕಚ್ಚಿದ ಕೂಡಲೇ ಕಳೆಯೊಳಗೆ ತಲೆ ಹಾಕುತ್ತದೆ. ಮೊದಲ ಎರಡು ಸೆಕೆಂಡಿನಲ್ಲಿ ಅದರ ತಲೆ ತಿರುಗಿಸಲು ಆಗಬೇಕು. ತೆಳ್ಳನೆ ದಾರ ಅಲ್ಲೇ ಹರಿದು ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ, ಅದು ನೋಡಲಾಗದು.

ದಂಡೆಯವ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಕ್ಷೆ ನೋಡಿ ಗದ್ದೆ ಬಯಲಿನ ಆಚೆ ಒಂದು ಹೊಂಡ ಕಂಡಿತು, ಮುಕ್ಕಾಲು ಎಕರೆ ಇರಬಹುದು. ಮಾಲೀಕರನ್ನು ಕೇಳಿದೆ. "ಹಿಡಿಯಿರಿ, ಆದರೆ ಅದರಲ್ಲಿ ಬಾಸ್ ಇಲ್ಲ" ಅಂದರು. ದಂಡೆ ತುಂಬಾ ಬೆರಳುದ್ದದ ಬ್ಲೂಗಿಲ್. ಮಧ್ಯಾಹ್ನ ಪೂರ್ತಿ ಏನೂ ಕಚ್ಚಲಿಲ್ಲ. ಸಂಜೆ ತೂಬಿನ ಪೈಪಿನ ಪಕ್ಕ ಕಪ್ಪು ನೀಲಿ ಜಿಗ್ ಇಳಿಸಿದೆ. ಎಳೆತ ಅನ್ನಿಸಲೇ ಇಲ್ಲ, ದಾರ ಪಕ್ಕಕ್ಕೆ ಸರಿಯಿತು ಅಷ್ಟೇ. 46 ಸೆಂಟಿಮೀಟರ್, 1 ಕೆಜಿ 600 ಗ್ರಾಂ. ಹೊಟ್ಟೆ ಉಬ್ಬಿತ್ತು. ನೋಡಿ ಬಿಟ್ಟುಬಿಟ್ಟೆ. ಕೈ ಇನ್ನೂ ನಡುಗುತ್ತಿದೆ!

ಹೊಂಡದಕ್ಕ:
ಅಬ್ಬಾ, ಬಹಳ ಖುಷಿ ಆಯಿತು! 46 ಸೆಂಟಿಮೀಟರ್‌ಗೆ ಒಂದೂವರೆ ಕೆಜಿ ಇದ್ದರೇ ಚೆನ್ನ. ನಿಮ್ಮದು ಅದಕ್ಕಿಂತ ಮೇಲೆ. ಆ ಹೊಂಡದಲ್ಲಿ ಊಟ ಇದೆ, ಇನ್ನೂ ದೊಡ್ಡದು ಇರಬಹುದು.

ಹೊಸಗಾಳ:
ಅಭಿನಂದನೆ ಅಣ್ಣಾ! ನನ್ನ ಹತ್ತಿರ ತಕ್ಕಡಿ ಇಲ್ಲ. ತೂಕ ಹೇಗೆ ತಿಳಿಯುವುದು? ಬಿಡುವಾಗ ಹೇಗೆ ಹಿಡಿದುಕೊಳ್ಳಬೇಕು?

ತೂಬಿನ ಮೂಲೆ:
ಮೆತ್ತನೆಯ ಟೇಪು ಸಾಕು. ಮೈಯ ಅತಿ ದಪ್ಪ ಜಾಗದ ಸುತ್ತಳತೆ, ಮೂತಿಯಿಂದ ಬಾಲದ ತುದಿಯವರೆಗಿನ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 29ರಿಂದ ಭಾಗಿಸಿ. ಸುಮಾರು ತೂಕ ಗ್ರಾಂ ಲೆಕ್ಕದಲ್ಲಿ ಬರುತ್ತದೆ. 50 ಸೆಂಟಿಮೀಟರ್ ಉದ್ದ, 36 ಸುತ್ತಳತೆ ಇದ್ದರೆ 2,200 ಗ್ರಾಂ ಚಿಲ್ಲರೆ.

ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ದೊಡ್ಡ ಮೀನನ್ನು ಕೆಳದವಡೆ ಒಂದನ್ನೇ ಹಿಡಿದು ತೂಗು ಹಾಕಬೇಡಿ. ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಕ್ಕೆ ಹಿಡಿಯಿರಿ. ಫೋಟೋ ಬೇಕಿದ್ದರೆ ಮೊದಲೇ ಫೋನ್ ಸಿದ್ಧ ಇಟ್ಟುಕೊಂಡು ಆಮೇಲೆ ಮೀನು ಎತ್ತಿ. ಕಿವಿರಿಗೆ ಬೆರಳು ತಾಗಬಾರದು. ಕೊಕ್ಕೆ ಗಂಟಲಿಗೆ ಇಳಿದಿದ್ದು ಸುಲಭವಾಗಿ ಬರದಿದ್ದರೆ ಜಗ್ಗಬೇಡಿ, ದಾರ ಹತ್ತಿರಕ್ಕೆ ಕತ್ತರಿಸಿ ಬಿಡಿ.

ದಂಡೆಯವರೇ, ಆ ಮುಕ್ಕಾಲು ಎಕರೆಯಲ್ಲಿ ಅಂಥ ಮೀನು ಬೆರಳೆಣಿಕೆಯಷ್ಟೇ ಇರುತ್ತವೆ. ಒಂದು ಸತ್ತರೂ ಹೊಂಡಕ್ಕೆ ದೊಡ್ಡ ನಷ್ಟ. ನೀರು 28–30 ಡಿಗ್ರಿ ಮುಟ್ಟಿದ ದಿನ ಅಲ್ಲಿಗೆ ಹೋಗಬೇಡಿ, ಬಿಸಿ ನೀರಿನಲ್ಲಿ ಹೋರಾಡಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಹಳೇ ಹೊಂಡ ಇದೆಯಲ್ಲ, ಅಂಥ ದಿನ ಅಲ್ಲಿಗೆ ಹೋಗಿ ಹೊಂಡದಕ್ಕ ಹೇಳಿದ ಹಾಗೆ ಸಣ್ಣವನ್ನು ತೆಗೆಯಿರಿ.

ದಂಡೆಯವ:
ಹಳೇ ಹೊಂಡದ ಮಾಲೀಕರ ಜೊತೆ ಮಾತಾಡಿದೆ. 35 ಸೆಂಟಿಮೀಟರ್‌ಗಿಂತ ಚಿಕ್ಕ ಬಾಸ್ ಎಷ್ಟು ಬೇಕಾದರೂ ತೆಗೆಯಿರಿ ಅಂದಿದ್ದಾರೆ. ಅಕ್ಕ, ಬ್ಲೂಗಿಲ್ ಸಿಕ್ಕರೆ ತೆಗೆಯಲಾ, ಬಿಡಲಾ?

ಹೊಂಡದಕ್ಕ:
ಬ್ಲೂಗಿಲ್ ಬಿಡಿ. ಒಂದನ್ನೂ ತೆಗೆಯಬೇಡಿ. ಆ ದೊಡ್ಡ ಬ್ಲೂಗಿಲ್‌ಗಳೇ ಈಗ ಮರಿ ಹಾಕಬೇಕು, ಆ ಮರಿಗಳೇ ಉಳಿದ ಬಾಸ್‌ಗೆ ಊಟ. ತೆಗೆದ ಬಾಸ್‌ಗಳ ಉದ್ದ, ತೂಕ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಇದೇ ಹೊತ್ತಿಗೆ 30 ಸೆಂಟಿಮೀಟರ್ ಮೀನಿನ ತೂಕ 340 ದಾಟಿದ್ದರೆ ಇಲ್ಲಿ ಬಂದು ಹೇಳಿ, ಆಗ ಎಷ್ಟು ತೆಗೆಯಬೇಕು ಅಂತ ಮತ್ತೆ ಲೆಕ್ಕ ಹಾಕೋಣ.